ಚೊಚ್ಚಲ ಹೆರಿಗೆ, ಎಂಟನೇ ತಿಂಗಳು: ಭಯಕ್ಕೆ ನಿದ್ದೆ ಬರುತ್ತಿಲ್ಲ, ನೀವೆಲ್ಲ ಹೇಗೆ ಧೈರ್ಯ ತಂದುಕೊಂಡಿರಿ?

ತಿಪಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನನಗಿದು ಚೊಚ್ಚಲು. ಈಗ ಎಂಟನೇ ತಿಂಗಳು ನಡೆಯುತ್ತಿದೆ. ಬಿಪಿ, ಶುಗರ್, ಸ್ಕ್ಯಾನಿಂಗ್ ಎಲ್ಲಾ ಸರಿಯಾಗಿದೆ. ಮಗು ಚೆನ್ನಾಗಿ ಒದೆಯುತ್ತಿದೆ. ಆದರೂ ಹೆರಿಗೆ ನೆನೆಸಿಕೊಂಡರೆ ಸಾಕು, ಕೈಕಾಲು ತಣ್ಣಗಾಗುತ್ತವೆ. ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ.

ಸೀಮಂತದ ದಿನದಿಂದ ಇದು ಜಾಸ್ತಿ ಆಗಿದೆ. ಬಳೆ ತೊಡಿಸಲು ಬಂದವರು ಒಬ್ಬೊಬ್ಬರೂ ಒಂದೊಂದು ಕಥೆ ಹೇಳಿದರು. ಒಬ್ಬರು ಎರಡು ದಿನ ಬೇನೆ ತಿಂದರಂತೆ. ಇನ್ನೊಬ್ಬರಿಗೆ ಹೊಲಿಗೆ ಬಿಚ್ಚಿಕೊಂಡಿತಂತೆ. ದೊಡ್ಡತ್ತೆ ನನ್ನ ಕೈ ಹಿಡಿದುಕೊಂಡೇ, ಹೆಣ್ಣಿಗೆ ಇದು ಮರುಹುಟ್ಟು ಕಣಮ್ಮ ಅಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ನನಗೆ ಮಾತ್ರ ಆವತ್ತು ಊಟ ಸೇರಲಿಲ್ಲ. 2024ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿಯೂ ತಲೆಯಲ್ಲೇ ಕೂತಿದೆ.

ಮನೆಯಲ್ಲಿ ಬಾಯಿ ಬಿಟ್ಟರೆ, 'ಎಲ್ಲರೂ ಹೆತ್ತಿಲ್ವಾ, ನಿಂದೇನು ಹೊಸದಾ' ಅನ್ನುತ್ತಾರೆ. ಅತ್ತೆ ನಾರ್ಮಲ್ ಆಗಲಿ ಅಂತ ಹರಕೆ ಹೊತ್ತಿದ್ದಾರೆ. ನನಗೋ ಸುಮ್ನೆ ಒಂದು ದಿನ ಗೊತ್ತು ಮಾಡಿ ಆಪರೇಷನ್ ಮಾಡಿಸಿಕೊಂಡುಬಿಡೋಣ ಅನ್ನಿಸುತ್ತದೆ. ಇಷ್ಟು ಭಯ ಬೇರೆ ಯಾರಿಗಾದರೂ ಇತ್ತಾ? ಏನು ಮಾಡಿದಿರಿ?

ಹುಬ್ಬಳ್ಳಿ ಅಕ್ಕ

ತಂಗಿ, ನನಗೂ ಇತ್ತು. ಎರಡನೇ ಹೆರಿಗೆಗೂ ಇತ್ತು. ಹಾಗಾಗಿ 'ನಿಂದೇನು ಹೊಸದಾ' ಅನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ನೂರು ಜನ ಹೆತ್ತಿರಬಹುದು, ನೀವು ಹೆರುವುದು ಇದೇ ಮೊದಲು ಅಲ್ವಾ?

ಒಂದು ಮಾತು ಹೇಳುತ್ತೇನೆ. ಬರೀ 'ಹೆರಿಗೆ ಭಯ' ಅಂದುಕೊಂಡು ಕೂತರೆ ಅದು ಕರಗುವುದೇ ಇಲ್ಲ. ಒಂದು ಹಾಳೆ ತಗೊಂಡು ಬರೆಯಿರಿ. ನೋವಿನ ಭಯವಾ? ಸಾಯುವ ಭಯವಾ? ಮಗುವಿಗೆ ಏನಾದರೂ ಆಗುತ್ತದೆ ಅಂತಲಾ? ಒಳಗೆ ಕೈ ಹಾಕಿ ನೋಡುತ್ತಾರಲ್ಲ, ಅದಾ? ನರ್ಸ್ ಬೈಯುತ್ತಾರೆ ಅಂತಲಾ? ಒಬ್ಬಳೇ ಇರಬೇಕು ಅಂತಲಾ?

ನನಗೆ ಇದನ್ನು ಮಾಡಿಸಿದವರು ನಮ್ಮ ಆಶಾ ಕಾರ್ಯಕರ್ತೆ. ಅಡುಗೆಮನೆ ಕಟ್ಟೆಯ ಮೇಲೆ ಮಗಳ ನೋಟ್‌ಬುಕ್ ಇಟ್ಟುಕೊಂಡು, ನಾನು ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು. ನೋವೇ ಮೊದಲು ಬರುತ್ತದೆ ಅಂದುಕೊಂಡಿದ್ದೆ. ಬಾಯಿಂದ ಮೊದಲು ಬಂದದ್ದು, 'ಎಲ್ಲರ ಮುಂದೆ ಬಟ್ಟೆ ಇಲ್ಲದೆ ಮಲಗಬೇಕಾ' ಅನ್ನುವ ಮಾತು. ಅದಕ್ಕೆ ಪರದೆ ಇರುತ್ತದೆ, ಗೌನ್ ಕೊಡುತ್ತಾರೆ, ಮೇಲೆ ಬಟ್ಟೆ ಹೊದಿಸಿ ಅಂತ ನೀವೇ ಕೇಳಬಹುದು ಅಂದರು. ಅಲ್ಲಿಗೆ ಅರ್ಧ ಭಾರ ಇಳಿಯಿತು. ಒಂದೊಂದು ಭಯಕ್ಕೂ ಉತ್ತರ ಹೇಳುವವರು ಬೇರೆ ಬೇರೆ. ಕೆಲವಕ್ಕೆ ಡಾಕ್ಟರ್, ಕೆಲವಕ್ಕೆ ಗಂಡ, ಕೆಲವಕ್ಕೆ ಅಮ್ಮ.

ಲೇಬರ್ ರೂಮ್ ಸಿಸ್ಟರ್

ಹುಬ್ಬಳ್ಳಿ ಅಕ್ಕ ಹೇಳಿದ್ದು ಸರಿಯಾಗಿದೆ. ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು. ಏನಾಗುತ್ತಿದೆ ಅಂತ ಗೊತ್ತಿಲ್ಲದ ತಾಯಿಗೆ ನೋವು ದುಪ್ಪಟ್ಟು. ಅದನ್ನು ದಿನಾ ನೋಡುತ್ತೇನೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಎರಡು ದಿನ ಬೇನೆ ತಿಂದೆ ಅನ್ನುವವರು ಸುಳ್ಳು ಹೇಳುವುದಿಲ್ಲ. ಆದರೆ ಎರಡು ದಿನವೂ ಒಂದೇ ಸಮನೆ ನೋವು ಇರುವುದಿಲ್ಲ. ಮೊದಲ ಹಂತದಲ್ಲಿ ನೋವು ಬಿಟ್ಟು ಬಿಟ್ಟು ಬರುತ್ತದೆ. ಗರ್ಭಕೋಶದ ಬಾಯಿ ನಿಧಾನವಾಗಿ ತೆರೆಯುತ್ತಿರುತ್ತದೆ. ಚೊಚ್ಚಲಿನಲ್ಲಿ ಇದೇ ತುಂಬ ಹೊತ್ತು ಹಿಡಿಯುವುದು. ಈ ಹೊತ್ತಿನಲ್ಲಿ ಓಡಾಡಬಹುದು, ಸ್ನಾನ ಮಾಡಬಹುದು, ನಡುವೆ ಒಂದು ಜೋಂಪು ನಿದ್ದೆಯನ್ನೂ ಮಾಡಬಹುದು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಮಾರ್ಗಸೂಚಿ ಪ್ರಕಾರ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆಯೇ ಜೋರಾದ ಹಂತ ಶುರು. ಅಲ್ಲಿಂದ 10 ಆಗುವವರೆಗೆ ಚೊಚ್ಚಲಿನವರಿಗೂ ಸಾಮಾನ್ಯವಾಗಿ 12 ಗಂಟೆ ದಾಟುವುದಿಲ್ಲ. ಗಂಟೆಗೆ 1 ಸೆಂಟಿಮೀಟರ್ ಆಗಲೇಬೇಕು ಅನ್ನುವ ಹಳೆಯ ಲೆಕ್ಕವನ್ನೂ ಅದರಲ್ಲಿ ಕೈಬಿಟ್ಟಿದ್ದಾರೆ. ಹಾಗಾಗಿ 'ಇನ್ನೂ ಮೂರೇ ಸೆಂಟಿಮೀಟರ್' ಅಂದರೆ ಕುಗ್ಗಬೇಡಿ.

ಜೋರಾದ ಹಂತದಲ್ಲೂ ಒಂದು ನೋವು ಹೆಚ್ಚುಕಡಿಮೆ ಒಂದು ನಿಮಿಷ ಇರುತ್ತದೆ. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಆಮೇಲೆ ಬಿಡುವು. ಆ ಬಿಡುವಿನಲ್ಲಿ ಹೆಚ್ಚಿನವರು ಮುಂದಿನ ನೋವಿಗೆ ಹೆದರಿ ಮೈ ಬಿಗಿ ಹಿಡಿದುಕೊಂಡಿರುತ್ತಾರೆ. ಭುಜ ಕಿವಿಯವರೆಗೆ ಬಂದಿರುತ್ತದೆ, ಹಲ್ಲು ಕಚ್ಚಿರುತ್ತದೆ. ನಾನು ಹೋಗಿ ಭುಜದ ಮೇಲೆ ಕೈ ಇಟ್ಟು, ಇದನ್ನು ಕೆಳಗೆ ಬಿಡಮ್ಮ, ಬಾಯಿ ಸಡಿಲ ಬಿಡು, ಉಸಿರನ್ನು ನಿಧಾನವಾಗಿ ಆಚೆ ಹಾಕು ಅನ್ನುತ್ತೇನೆ. ಇದನ್ನು ಈಗಿನಿಂದಲೇ ದಿನಾ ಮಲಗುವ ಮುಂಚೆ ಅಭ್ಯಾಸ ಮಾಡಿ. ಉಸಿರು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ. ಯಾರಾದರೂ ಜೊತೆಗೆ ಕೂತು ಮಾಡಿದರೆ ಇನ್ನೂ ಒಳ್ಳೆಯದು.

ಸಾವಿನ ಭಯಕ್ಕೂ ಉತ್ತರ ಹೇಳಬೇಕು. ಸರ್ಕಾರಿ ಲೆಕ್ಕದಲ್ಲಿ ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ತೀರಿಕೊಳ್ಳುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿದಿದೆ. ಆ 69 ಕೂಡ ಆಗಬಾರದಿತ್ತು. ಬಳ್ಳಾರಿಯಲ್ಲಿ ಆದದ್ದು ನಮಗೆಲ್ಲ ಇನ್ನೂ ಸಂಕಟ. ಅಲ್ಲಿ ಸಿಸೇರಿಯನ್ ಆದ ತಾಯಂದಿರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ ಅನುಮಾನ ಬಂತು. ಅದನ್ನು ತಯಾರಿಸಿದ ಕಂಪನಿಯ ಡ್ರಿಪ್ ಬಳಸುವುದನ್ನು ಸರ್ಕಾರ ನಿಲ್ಲಿಸಿತು. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳುವುದಿಲ್ಲ. ಆದರೆ ಬಿಪಿ ಸರಿ ಇರುವ, ತಪ್ಪದೆ ಚೆಕಪ್ ಮಾಡಿಸುವ, ಆಸ್ಪತ್ರೆಯಲ್ಲೇ ಹೆರುವ ನಿಮ್ಮಂಥವರಿಗೆ ಈ ಅಪಾಯ ತುಂಬ ಕಡಿಮೆ. ರಾತ್ರಿ ಎರಡು ಗಂಟೆಗೆ ಅದೇ ದೊಡ್ಡದಾಗಿ ಕಾಣುತ್ತದೆ, ನನಗೆ ಗೊತ್ತು.

ಸಾಗರದ ಗೃಹಿಣಿ

ಒಂಬತ್ತನೇ ತಿಂಗಳಲ್ಲಿ ಬಿಸಿ ಅನ್ನಕ್ಕೆ ತುಪ್ಪ ಜಾಸ್ತಿ ಹಾಕಿಕೊಂಡು ತಿನ್ನಿ, ದಾರಿ ಸಲೀಸಾಗುತ್ತದೆ. ನಮ್ಮ ಕಡೆ ದಿನ ತುಂಬಿದ ಮೇಲೆ ಸ್ವಲ್ಪ ಹರಳೆಣ್ಣೆ ಕುಡಿಸುತ್ತಿದ್ದರು, ಬೇಗ ನೋವು ಬರಲಿ ಅಂತ. ಬೇಗ ಮುಗಿದರೆ ಭಯವೂ ಬೇಗ ಮುಗಿಯುತ್ತದೆ.

ಲೇಬರ್ ರೂಮ್ ಸಿಸ್ಟರ್

ಸಾಗರದ ಅಕ್ಕ, ತುಪ್ಪ ರುಚಿಗೆ ತಿನ್ನಲಿ, ತೊಂದರೆ ಇಲ್ಲ. ಅದರಿಂದ ಹೆರಿಗೆ ಸಲೀಸಾಗುವುದಿಲ್ಲ ಅಷ್ಟೆ. ಹೊಟ್ಟೆಯಿಂದ ಕೆಳಗೆ ಜಾರಿ ಮಗುವಿನ ದಾರಿಗೆ ಹೋಗುವುದಿಲ್ಲ. ಹರಳೆಣ್ಣೆ ಮಾತ್ರ ದಯವಿಟ್ಟು ಬೇಡ. ಬೇಧಿ ಆಗಿ, ವಾಂತಿ ಆಗಿ, ಮೈಯಲ್ಲಿ ನೀರು ಬತ್ತಿ ಹೋಗುತ್ತದೆ. ಆಮೇಲೆ ಹೆರುವುದಕ್ಕೆ ತ್ರಾಣ ಎಲ್ಲಿಂದ ಬರಬೇಕು? ನೋವು ಬರಿಸಬೇಕಾದರೆ ಆಸ್ಪತ್ರೆಯಲ್ಲಿ ಮಗುವಿನ ಹೃದಯ ಬಡಿತ ನೋಡಿಕೊಂಡೇ ಬರಿಸುತ್ತಾರೆ.

ಹೆಸರು ಬೇಡ

ನಾನು ಬೇರೆ ಥರದ ಅನುಭವ ಬರೆಯುತ್ತೇನೆ. ತಿಪಟೂರಿನ ಮಗಳೇ, ಓದಲು ಕಷ್ಟ ಅನ್ನಿಸಿದರೆ ಇದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ನನ್ನ ಮೊದಲ ಹೆರಿಗೆಯಲ್ಲಿ ನೋವಿಗಿಂತ ಮಾತು ಚುಚ್ಚಿತು. ಆಸ್ಪತ್ರೆಯ ಹೆಸರು ಬೇಡ. ನಾನು ಕಿರುಚಿದೆ ಅಂತ ಗದರಿದರು. ಆ ಹೊತ್ತಿನಲ್ಲಿ ಯಾರೂ ಹೇಳಬಾರದ ಮಾತು ಹೇಳಿದರು. ಒಳಗಿನ ಪರೀಕ್ಷೆಗೆ ಒಬ್ಬರಾದ ಮೇಲೆ ಒಬ್ಬರು ಬಂದರು. ಯಾಕೆ ಅಂತ ಒಬ್ಬರೂ ಹೇಳಲಿಲ್ಲ. ಅಮ್ಮ ಬಾಗಿಲ ಆಚೆ ಇದ್ದರು. ಮಗು ಚೆನ್ನಾಗಿ ಹುಟ್ಟಿತು, ಹಾಗಾಗಿ ಮನೆಯವರಿಗೆ ಎಲ್ಲ ಸುಸೂತ್ರ. ನನಗೆ ಆ ಕೋಣೆ ಕನಸಿನಲ್ಲಿ ಬರುತ್ತಿತ್ತು. ಆಸ್ಪತ್ರೆಯ ಫಿನಾಯಿಲ್ ವಾಸನೆ ಬಂದರೆ ಎದೆ ಡವಗುಟ್ಟುತ್ತಿತ್ತು.

ಎರಡನೇ ಸಲ ಬಸುರಿ ಆದಾಗ ಮೊದಲ ಚೆಕಪ್‌ನಲ್ಲೇ ಹೊಸ ಡಾಕ್ಟರ್‌ಗೆ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಫೈಲಿನ ಮೇಲೆ ಬರೆದರು: ಹೇಳದೆ ಪರೀಕ್ಷೆ ಮಾಡಬಾರದು, ತಾಯಿ ನಿಲ್ಲಿಸಿ ಅಂದರೆ ನಿಲ್ಲಿಸಬೇಕು, ಅಕ್ಕ ಜೊತೆಗಿರುತ್ತಾರೆ. ನೋವು ಅಷ್ಟೇ ಇತ್ತು. ಆದರೆ ಆ ಕೋಣೆ ಮತ್ತೆ ಕನಸಿಗೆ ಬರಲಿಲ್ಲ.

ಚೊಚ್ಚಲಿನವರಿಗೆ ಇದನ್ನು ಹೇಳುವುದು ಹೆದರಿಸಲಿಕ್ಕಲ್ಲ. ಈಗಲೇ ಕೇಳಿ ಅಂತ. ಬೇನೆ ಬಂದ ಮೇಲೆ ಕೇಳಲು ಆಗುವುದಿಲ್ಲ.

ಬರ್ಮಿಂಗ್‌ಹ್ಯಾಮ್ ಕನ್ನಡತಿ

ಹೆಸರು ಬೇಡ ಅವರೇ, ಓದಿ ಕಣ್ಣು ತುಂಬಿತು. ನೀವು ಬರೆದದ್ದು ಒಳ್ಳೆಯದಾಯಿತು.

ನಾನು ಹೆತ್ತದ್ದು ಇಂಗ್ಲೆಂಡಿನಲ್ಲಿ. ಇಲ್ಲಿ ತೊಂದರೆ ಇಲ್ಲದ ಬಸುರಿಯನ್ನು ಹೆಚ್ಚಾಗಿ ನೋಡಿಕೊಳ್ಳುವವರು ಮಿಡ್‌ವೈಫ್. ಹೆರಿಗೆಗೆ ಮುಂಚೆಯೇ ನನಗೆ ಏನು ಬೇಕು, ಏನು ಬೇಡ ಅಂತ ಒಂದು ಪುಟ ಬರೆಸಿಕೊಂಡರು. ಜೊತೆಗೆ ಯಾರು ಇರಬೇಕು, ನೋವಿಗೆ ಏನು ಕೊಡಬೇಕು, ಮಗುವನ್ನು ಕೂಡಲೇ ಎದೆ ಮೇಲೆ ಇಡಬೇಕಾ, ಹೀಗೆ. ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ತವರಿಲ್ಲದೆ ಚೊಚ್ಚಲು ಹೆರುವುದಾ ಅಂತ ಅತ್ತಿದ್ದೆ. ಆ ಒಂದು ಪುಟ ನನಗೆ ಆಸರೆ ಆಯಿತು.

ನೋವಿಗೆ ಇಲ್ಲಿ ಗ್ಯಾಸ್ ಅಂಡ್ ಏರ್ ಅಂತ ಕೊಡುತ್ತಾರೆ. ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಅರ್ಧರ್ಧ ಬೆರೆಸಿದ್ದು. ಕೊಳವೆಯನ್ನು ನಮ್ಮ ಕೈಗೇ ಕೊಡುತ್ತಾರೆ, ನೋವು ಬರುವಾಗ ನಾವೇ ಎಳೆದುಕೊಳ್ಳಬೇಕು. ನೋವು ಪೂರ್ತಿ ಹೋಗುವುದಿಲ್ಲ. ಸ್ವಲ್ಪ ದೂರ ಸರಿದ ಹಾಗಾಗುತ್ತದೆ. ಆಮೇಲೆ ನಾನು ಎಪಿಡ್ಯೂರಲ್, ಅಂದರೆ ನೋವು ತಿಳಿಯದ ಹಾಗೆ ಬೆನ್ನಿಗೆ ಕೊಡುವ ಅರಿವಳಿಕೆ, ಕೂಡ ಕೇಳಿ ತಗೊಂಡೆ. ಬೆನ್ನಿಗೆ ಸೂಜಿ ಹಾಕಿದರೆ ಜೀವನಪೂರ್ತಿ ಬೆನ್ನುನೋವು ಅಂತ ಊರಿನಿಂದ ಫೋನ್ ಮೇಲೆ ಫೋನ್ ಬಂತು. ಹಾಗೇನೂ ಇಲ್ಲ ಅಂತ ಅರಿವಳಿಕೆ ಡಾಕ್ಟರ್ ಕೂತು ವಿವರಿಸಿದರು. ಸೂಜಿ ಹಾಕಿದ ಜಾಗ ಕೆಲವು ದಿನ ನೋಯಬಹುದು ಅಷ್ಟೆ. ನೋವು ಕಡಿಮೆ ಮಾಡಿಸಿಕೊಂಡ ತಾಯಿ ಕಡಿಮೆ ತಾಯಿ ಅಲ್ಲ. ಇದನ್ನು ಮಾತ್ರ ನಮ್ಮ ಹೆಂಗಸರಿಗೆ ಎಷ್ಟು ಸಲ ಹೇಳಿದರೂ ಸಾಲದು.

ದಾವಣಗೆರೆ ಅಪ್ಪ

ಗಂಡಸರು ಬರೆಯಬಹುದು ಅಂದುಕೊಂಡು ಬರೆಯುತ್ತಿದ್ದೇನೆ. ನನ್ನ ಹೆಂಡತಿಗೆ ಏಳನೇ ತಿಂಗಳಿಂದ ಇದೇ ಭಯ. 'ಏನೂ ಆಗಲ್ಲ ಬಿಡು' ಅಂದಾಗೆಲ್ಲ ಅವಳು ಮುಖ ತಿರುಗಿಸುತ್ತಿದ್ದಳು. ಒಂದು ದಿನ ಅವಳೇ ಹೇಳಿದಳು, ನೀವು ಧೈರ್ಯ ಹೇಳಬೇಡಿ, ಏನೇನು ಮಾಡುತ್ತೀರಿ ಅಂತ ಹೇಳಿ.

ಅಂದಿನಿಂದ ಕೆಲಸ ಹಂಚಿಕೊಂಡೆವು. ರಾತ್ರಿ ಗಾಡಿಗೆ ಯಾರನ್ನು ಕರೆಯುವುದು, 108 ಬರುವುದು ತಡವಾದರೆ ಏನು, ತಾಯಿ ಕಾರ್ಡ್ ಎಲ್ಲಿರಬೇಕು, ಅವಳ ರಕ್ತದ ಗುಂಪಿನವರು ನಮ್ಮಲ್ಲಿ ಯಾರಿದ್ದಾರೆ. ಬೇನೆ ಬಂದಾಗ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಹತ್ತಿರ, ಅಂಗೈ ಬುಡದಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು ಅಂತ ಸಿಸ್ಟರ್ ತೋರಿಸಿಕೊಟ್ಟರು. ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು. ನೋವಿನ ನಡುವೆ ನೀರು ಕುಡಿಸುತ್ತಿದ್ದೆ, ಬಿಡುವು ಎಷ್ಟು ನಿಮಿಷ ಅಂತ ಬರೆದಿಡುತ್ತಿದ್ದೆ.

ಮನೆಗೆ ಬಂದು ಭಯದ ಕಥೆ ಶುರು ಮಾಡುವವರನ್ನು ತಡೆಯುವ ಕೆಲಸವೂ ನನ್ನದೇ ಆಯಿತು. ಅತ್ತಿಗೆ ಒಬ್ಬರಿಗೆ, 'ಅಕ್ಕಾ, ಹೆರಿಗೆ ಆದಮೇಲೆ ಹೇಳುವಿರಂತೆ, ಈಗ ಬೇಡ' ಅಂತ ಕೈಮುಗಿದೆ. ಸ್ವಲ್ಪ ಮುನಿಸಿಕೊಂಡರು. ಆಮೇಲೆ ಬಾಣಂತನಕ್ಕೆ ಅವರೇ ಮೆಂತ್ಯದ ಲಾಡು ಮಾಡಿ ತಂದರು.

ತಿಪಟೂರಿನ ಮಗಳು

ಎಲ್ಲ ಓದಿದೆ. ಹುಬ್ಬಳ್ಳಿ ಅಕ್ಕ ಹೇಳಿದ ಹಾಗೆ ಬರೆದೆ. ನನ್ನ ಪಟ್ಟಿಯಲ್ಲಿ ಮೊದಲು ಬಂದದ್ದು ಒಬ್ಬಳೇ ಇರುವ ಭಯ. ಎರಡನೆಯದು ಒಳಗಿನ ಪರೀಕ್ಷೆ. ನೋವು ಮೂರನೆಯದು! ಇದು ನನಗೇ ಗೊತ್ತಿರಲಿಲ್ಲ.

ಹೆರಿಗೆಗೆ ತವರಿಗೇ ಬಂದಿದ್ದೇನೆ. ಸರ್ಕಾರಿ ಆಸ್ಪತ್ರೆಗೆ ಹೋಗುವುದಾ, ಖಾಸಗಿಗೆ ಹೋಗುವುದಾ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಅಮ್ಮನನ್ನು ಒಳಗೆ ಬಿಡುತ್ತಾರಾ ಸಿಸ್ಟರ್? ಆಪರೇಷನ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಕೇಳಿದ್ದಕ್ಕೆ ಬೇಜಾರಾಯಿತಾ?

ಲೇಬರ್ ರೂಮ್ ಸಿಸ್ಟರ್

ಬೇಜಾರು ಯಾಕಮ್ಮ. ಮೊದಲು ಅಮ್ಮನ ವಿಷಯ. ಕೇಂದ್ರ ಸರ್ಕಾರ 2017ರ ಕೊನೆಯಲ್ಲಿ ಲಕ್ಷ್ಯ ಅಂತ ಒಂದು ಕಾರ್ಯಕ್ರಮ ಶುರು ಮಾಡಿತು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯನ್ನು ಸರಿಪಡಿಸುವುದಕ್ಕೆ. ತಾಯಿಯ ಜೊತೆಗೆ ಒಬ್ಬರು ಇರಲು ಬಿಡುವುದು, ಪರದೆ ಇರುವುದು, ಮರ್ಯಾದೆಯಿಂದ ನಡೆಸಿಕೊಳ್ಳುವುದು ಎಲ್ಲ ಅದರಲ್ಲಿ ಇದೆ. ಎಲ್ಲ ಕಡೆ ಒಂದೇ ಥರ ನಡೆಯುತ್ತಿಲ್ಲ. ಕೆಲವು ಕಡೆ ಜಾಗ ಇಲ್ಲ, ಪಕ್ಕದ ಟೇಬಲ್‌ನಲ್ಲಿ ಇನ್ನೊಬ್ಬ ತಾಯಿ ಇರುತ್ತಾರೆ, ಹಾಗಾಗಿ ಹೆಂಗಸರನ್ನು ಮಾತ್ರ ಬಿಡುತ್ತಾರೆ. ಅಮ್ಮ ಅಂದರೆ ಒಪ್ಪುವ ಸಾಧ್ಯತೆ ಜಾಸ್ತಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ. ಆವತ್ತು ಹೋಗಿ ಹೆರಿಗೆ ಕೋಣೆ ತೋರಿಸಿ ಅಂತ ಕೇಳಿ. ಮಂಚ, ದೀಪ, ಮಗುವನ್ನು ಬೆಚ್ಚಗಿಡುವ ಮೆಷಿನ್ ಎಲ್ಲ ಒಂದು ಸಲ ಕಣ್ಣಾರೆ ನೋಡಿ.

ಖರ್ಚಿನ ಚಿಂತೆ ಇದ್ದರೆ, 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಬೇಕಾದರೆ ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ. ಯಾರೂ ಕಾಸು ಕೇಳುವ ಹಾಗಿಲ್ಲ.

ಇನ್ನು ಒಳಗಿನ ಪರೀಕ್ಷೆ. ಎರಡು ಬೆರಳಿನಿಂದ ಬಾಯಿ ಎಷ್ಟು ತೆರೆದಿದೆ, ತಲೆ ಎಲ್ಲಿದೆ ಅಂತ ನೋಡುತ್ತಾರೆ. ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ಜೋರಾದ ಹಂತದಲ್ಲಿ ನಾಲ್ಕು ಗಂಟೆಗೊಮ್ಮೆ ಸಾಕು ಅಂತ ಅದೇ 2018ರ ಮಾರ್ಗಸೂಚಿ ಹೇಳುತ್ತದೆ. ನೋವು ಬಂದಿರುವಾಗ ಬೇಡ, ಇಳಿದ ಮೇಲೆ ನೋಡಿ ಅಂತ ಹೇಳುವ ಹಕ್ಕು ನಿಮಗಿದೆ. ಅಂಗಾಲು ಎರಡನ್ನೂ ಜೋಡಿಸಿ ಮಂಡಿ ಅಗಲ ಬಿಟ್ಟು, ಉಸಿರು ಹೊರಗೆ ಹಾಕುತ್ತಾ ಇದ್ದರೆ ಬಿಗಿ ಕಡಿಮೆ ಆಗುತ್ತದೆ. ಮದುವೆಯಾದಾಗಿನಿಂದಲೂ ಅಲ್ಲಿ ಮುಟ್ಟಿದರೇ ಮೈ ಸೆಟೆದುಕೊಳ್ಳುತ್ತದೆ ಅನ್ನುವವರಿದ್ದಾರೆ. ಅಂಥವರು ನಾಚದೆ ಡಾಕ್ಟರ್‌ಗೆ ಮೊದಲೇ ಹೇಳಬೇಕು. ಅದಕ್ಕೆ ಚಿಕಿತ್ಸೆ ಇದೆ.

ಮಂಡ್ಯದ ಇಬ್ಬರ ಅಮ್ಮ

ಆಪರೇಷನ್ ಬಗ್ಗೆ ನಾನು ಬರೆಯುತ್ತೇನೆ. ನನ್ನದು ಎರಡೂ ಸಿಸೇರಿಯನ್. ಮೊದಲನೆಯದು ಮಗು ಅಡ್ಡ ಇದ್ದದ್ದಕ್ಕೆ. ನಮ್ಮ ರಾಜ್ಯದಲ್ಲಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಹೆರಿಗೆ ಸಿಸೇರಿಯನ್ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಂದರೆ ನಿಮಗೂ ಆಗಬಹುದು, ಅದರ ಬಗ್ಗೆಯೂ ತಿಳಿದಿರಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಎಚ್ಚರ ಇರುತ್ತದೆ. ಎಳೆದ ಹಾಗೆ, ಒತ್ತಿದ ಹಾಗೆ ಗೊತ್ತಾಗುತ್ತದೆ, ಕೊಯ್ದದ್ದು ಗೊತ್ತಾಗುವುದಿಲ್ಲ. ಮಗುವಿನ ಅಳು ಕೇಳಿಸಿತು.

ಆದರೆ ನೋವು ತಪ್ಪುತ್ತದೆ ಅಂತ ಮಾಡಿಸಿಕೊಳ್ಳುವುದಾದರೆ ಒಂದು ವಿಷಯ ಗೊತ್ತಿರಲಿ. ನೋವು ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಮೊದಲ ದಿನ ಮಂಚದಿಂದ ಇಳಿಯಬೇಕಾದರೆ, ಕೆಮ್ಮು ಬಂದರೆ ಹೊಲಿಗೆ ಎಳೆಯುತ್ತದೆ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಿ ಅಂತ ಆಯಮ್ಮ ಹೇಳಿಕೊಟ್ಟರು, ಅದು ತುಂಬ ಸಹಾಯ ಆಯಿತು. ಸಿಸೇರಿಯನ್ ಹೆಚ್ಚಾದಷ್ಟೂ ಮುಂದಿನ ಬಸುರಿನಲ್ಲಿ ಕಸ (ಮಾಸು) ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಅಪಾಯವೂ ಹೆಚ್ಚು. ಇದನ್ನೆಲ್ಲ ಡಾಕ್ಟರ್ ಹತ್ತಿರ ಬಿಡಿಸಿ ಕೇಳಿ. ಕೇಳಿದ ಮೇಲೂ ಭಯ ಹೋಗದೆ ಆಪರೇಷನ್ನೇ ಬೇಕು ಅನ್ನಿಸಿದರೆ ಅದು ನಿಮ್ಮ ಮತ್ತು ಡಾಕ್ಟರ್ ನಡುವಿನ ಮಾತು. ಅತ್ತೆಯ ಹರಕೆಯನ್ನು ಬೇರೆ ರೀತಿ ತೀರಿಸಬಹುದು.

ಪಾವಗಡದ ಮೇಷ್ಟರ ಮಗಳು

ತಿಪಟೂರು ಅಂದಕೂಡಲೇ ನಮ್ಮ ಜಿಲ್ಲೆಯ ಸೂಲಗಿತ್ತಿ ನರಸಮ್ಮನವರು ನೆನಪಾದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಒಂದು ಕಾಸೂ ತೆಗೆದುಕೊಳ್ಳದೆ ಸಾವಿರಾರು ಹೆರಿಗೆ ಮಾಡಿಸಿದವರು. ಮನೆಯಲ್ಲೇ ಹೆರಿ ಅಂತ ಈಗ ಯಾರಿಗೂ ಹೇಳುವುದಿಲ್ಲ. ಆಸ್ಪತ್ರೆ ಬೇಕೇ ಬೇಕು. ಆದರೆ ಸೂಲಗಿತ್ತಿ ಬಂದರೆ ಹೆರಿಗೆ ಮುಗಿಯುವ ತನಕ ಪಕ್ಕ ಬಿಟ್ಟು ಏಳುತ್ತಿರಲಿಲ್ಲ ಅಲ್ವಾ? ಆಸ್ಪತ್ರೆಗೆ ಹೋಗುವಾಗ ನಾವು ಕಳೆದುಕೊಂಡದ್ದು ಅದನ್ನೇ. ಗುರುತಿನ ಹೆಂಗಸೊಬ್ಬಳು ಕೊನೆವರೆಗೂ ಜೊತೆಗಿದ್ದರೆ ಬೇನೆಯ ಹೊತ್ತು ಕಡಿಮೆ ಆಗುತ್ತದೆ, ತಾನಾಗಿ ಹೆರಿಗೆ ಆಗುವುದೂ ಹೆಚ್ಚು ಅಂತ ಈಗ ಸಂಶೋಧನೆಗಳೂ ಹೇಳುತ್ತಿವೆ. ಹಾಗಾಗಿ ಅಮ್ಮನನ್ನು ಒಳಗೆ ಬಿಡಿ ಅಂತ ಗಟ್ಟಿಯಾಗಿ ಕೇಳಿ. ಅದು ಉಪಕಾರ ಕೇಳಿದ ಹಾಗಲ್ಲ.

ಮೈಸೂರಿನ ಆಪ್ತ ಸಲಹೆಗಾರ್ತಿ

ಒಂದು ವಿಷಯ ಬಿಟ್ಟುಹೋಗಬಾರದು ಅಂತ ಬರೆಯುತ್ತಿದ್ದೇನೆ. ಚೊಚ್ಚಲಿನಲ್ಲಿ ಭಯ ಸಹಜ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಎದೆ ಡವಗುಟ್ಟಿ ಉಸಿರು ಕಟ್ಟುತ್ತದೆ, ಚೆಕಪ್ಪಿಗೇ ಹೋಗಲು ಆಗುತ್ತಿಲ್ಲ, ಬಸುರಿ ಆಗಿದ್ದೇ ತಪ್ಪು ಅನ್ನಿಸುತ್ತದೆ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ಸುಮ್ಮನಿರಬೇಡಿ. ತೀವ್ರವಾದ ಹೆರಿಗೆ ಭಯಕ್ಕೆ ಟೋಕೋಫೋಬಿಯಾ ಅನ್ನುತ್ತಾರೆ. ಮಾತಿನ ಚಿಕಿತ್ಸೆಯಿಂದ ತುಂಬ ಜನಕ್ಕೆ ಹಗುರ ಆಗಿದೆ. ಔಷಧಿ ಬೇಕಾದರೂ ಬಸುರಿಯರಿಗೆ ಯಾವುದು ಕೊಡಬಹುದು ಅಂತ ನೋಡಿಯೇ ಕೊಡುತ್ತಾರೆ.

14416 ಟೆಲಿ ಮಾನಸ್ ನಂಬರ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮನಸ್ಸಿನ ತೊಂದರೆಗೆಂದೇ ವಿಭಾಗ ಇದೆ. ತಾಯಿ ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಾರ್ಡ್ ಕೂಡ ಇದೆ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿ ತಡೆಯಲು ಆಗದಿದ್ದರೆ ಆ ಹೊತ್ತಿಗೇ 14416ಕ್ಕೆ ಫೋನ್ ಮಾಡಿ ತಿಪಟೂರಿನ ಮಗಳೇ. ಬೆಳಗಾಗಲಿ ಅಂತ ಕಾಯಬೇಡಿ.

ತಿಪಟೂರಿನ ಮಗಳು

ನಿನ್ನೆ ರಾತ್ರಿ ಫೋನ್ ಮಾಡಿದೆ. ಒಬ್ಬ ಅಕ್ಕ ಸಮಾಧಾನವಾಗಿ ಕೇಳಿಸಿಕೊಂಡರು. ಮುಂದಿನ ವಾರ ಮತ್ತೆ ಮಾತಾಡೋಣ ಅಂದಿದ್ದಾರೆ. ಭಯ ಹೋಗಿದೆ ಅಂತ ಹೇಳುವುದಿಲ್ಲ. ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಹೆರುವಾಗಲೂ ನನಗೆ ಹೀಗೇ ಆಗಿತ್ತು, ಯಾರೂ ಕೇಳಿರಲಿಲ್ಲ ಅಂದರು. 9ನೇ ತಾರೀಕು ಇಬ್ಬರೂ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಇನ್ನೊಂದು ಕೇಳಬೇಕು ಸಿಸ್ಟರ್. ನಿಜವಾದ ಬೇನೆ ಯಾವುದು ಅಂತ ಗೊತ್ತಾಗದೆ ತಡ ಮಾಡಿಬಿಟ್ಟರೆ?

ಲೇಬರ್ ರೂಮ್ ಸಿಸ್ಟರ್

ಸುಳ್ಳು ನೋವು ಮಲಗಿದರೆ, ನಡೆದರೆ, ನೀರು ಕುಡಿದರೆ ಕಡಿಮೆ ಆಗುತ್ತದೆ. ನಿಜವಾದದ್ದು ಏನು ಮಾಡಿದರೂ ಬಿಡುವುದಿಲ್ಲ. ಬಿಡುವು ಕಡಿಮೆ ಆಗುತ್ತಾ, ನೋವು ಉದ್ದ ಆಗುತ್ತಾ ಹೋಗುತ್ತದೆ. ಐದು ನಿಮಿಷಕ್ಕೊಂದು ನೋವು, ಒಂದೊಂದು ಒಂದು ನಿಮಿಷ, ಹೀಗೆ ಒಂದು ಗಂಟೆ ಆದರೆ ಹೊರಡಿ. ಆಸ್ಪತ್ರೆ ದೂರ ಇದ್ದರೆ ಇನ್ನೂ ಮುಂಚೆಯೇ ಹೊರಡಿ. 37 ವಾರ ತುಂಬುವ ಮುಂಚೆ ಇಂಥ ನೋವು ಬಂದರೆ ಗಂಟೆ ಲೆಕ್ಕ ಹಾಕದೆ ಹೋಗಿಬಿಡಿ.

ನೀರು ಹೋದರೆ, ಅದರಲ್ಲೂ ಹಸಿರು ಬಣ್ಣ ಇದ್ದರೆ, ರಕ್ತ ಹೋದರೆ, ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ, ತಲೆನೋವು ಬಂದು ಕಣ್ಣು ಮಂಜಾದರೆ ನೋವಿಗೆ ಕಾಯಬೇಡಿ, ಕೂಡಲೇ ಬನ್ನಿ. ಸುಳ್ಳು ನೋವಿಗೆ ಬಂದು ವಾಪಸ್ ಹೋಗುವವರು ವಾರಕ್ಕೆ ಎಷ್ಟೋ ಜನ. ಅದಕ್ಕೆ ನಾವ್ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬ್ಯಾಗಿನಲ್ಲಿ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಮುಂದೆ ಗುಂಡಿ ಇರುವ ಎರಡು ನೈಟಿ, ಒಗೆದ ಹಳೆಯ ಹತ್ತಿ ಸೀರೆ ಇಟ್ಟುಕೊಳ್ಳಿ. ಅಮ್ಮನಿಗೂ ಒಂದು ಜೊತೆ ಬಟ್ಟೆ, ಒಂದು ಸ್ವೆಟರ್ ಇರಲಿ. ರಾತ್ರಿ ವಾರ್ಡಿನಲ್ಲಿ ಚಳಿ ಇರುತ್ತದೆ.